ಲಾಗಿನ್ ಆದೊಡನೆ ತಾನಾಗಿ ಏಳುವ ಕೀರಿಂಗ್, ಎಸ್‌ಎಸ್‌ಎಚ್ ಏಜೆಂಟ್‌ಗಳನ್ನು ನಿಲ್ಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಲಿನಕ್ಸ್ ಡೆಸ್ಕ್‌ಟಾಪ್‌ಗಳ ವಿಷಯ. ಮುಖ್ಯವಾಗಿ ಗ್ನೋಮ್, ಜೊತೆಗೆ ಎಕ್ಸ್‌ಎಫ್‌ಸಿಇ ಮತ್ತು ಕೆಡಿಇ. ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇವೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಅಲ್ಲಲ್ಲೇ ಹೇಳಿದ್ದೇವೆ.

ನಾನು ಏನೂ ಇನ್‌ಸ್ಟಾಲ್ ಮಾಡಿಲ್ಲ. ಈ ಗ್ನೋಮ್ ಕೀರಿಂಗ್ ಎಲ್ಲಿಂದ ಬಂತು?

ಡೆಸ್ಕ್‌ಟಾಪ್ ಜೊತೆಗೇ ಬಂದದ್ದು. ಪ್ರೋಸೆಸ್ ಪಟ್ಟಿಯಲ್ಲಿ 'ಗ್ನೋಮ್-ಕೀರಿಂಗ್-ಡೀಮನ್' ಎಂಬ ಒಂದೇ ಹೆಸರು ಕಂಡರೂ ಒಳಗೆ ಮೂರು ಬೇರೆ ಬೇರೆ ಕೆಲಸಗಳಿವೆ. ಒಂದು 'ಸೀಕ್ರೆಟ್ಸ್': ಬ್ರೌಸರ್, ಮೇಲ್, ವೈಫೈ ಇವುಗಳ ಪಾಸ್‌ವರ್ಡ್ ಇಟ್ಟುಕೊಳ್ಳುವ ಪೆಟ್ಟಿಗೆ. ಇನ್ನೊಂದು 'ಪಿಕೆಸಿಎಸ್11': ಸರ್ಟಿಫಿಕೇಟ್‌ಗಳಿಗೆ. ಮೂರನೆಯದು 'ಎಸ್‌ಎಸ್‌ಎಚ್' (ದೂರದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ): ನಿಮ್ಮ ಖಾಸಗಿ ಕೀಗಳನ್ನು ಹಿಡಿದುಕೊಂಡು, ಸರ್ವರ್ ಕೇಳಿದಾಗ ನಿಮ್ಮ ಪರವಾಗಿ ಸಹಿ ಹಾಕುವ ಏಜೆಂಟ್.

ಜನ ಬೇಸತ್ತು ಹುಡುಕಿಕೊಂಡು ಬರುವುದು ಹೆಚ್ಚಾಗಿ ಈ ಮೂರನೆಯದರಿಂದ. ಹಳೆಯ ಆವೃತ್ತಿಗಳಲ್ಲಿ ಜಿಪಿಜಿ (ಫೈಲ್, ಮೇಲ್‌ಗಳಿಗೆ ಗೂಢಲಿಪಿ, ಸಹಿ ಹಾಕುವ ಸಾಧನ) ಏಜೆಂಟ್‌ನ ವೇಷ ಹಾಕುವ ನಾಲ್ಕನೆಯ ಭಾಗವೂ ಇತ್ತು. 'ಗ್ನೋಮ್ ಕೀರಿಂಗ್ ಮ್ಯಾನೇಜರ್ ನಮ್ಮ ಏಜೆಂಟನ್ನು ಅಪಹರಿಸಿದೆ' ಎಂದು ಜಿಪಿಜಿಯೇ ಎಚ್ಚರಿಕೆ ಕೊಡುತ್ತಿದ್ದ ಕಾಲ ಅದು. ಆ ಭಾಗವನ್ನು ಈಗ ತೆಗೆದುಹಾಕಿದ್ದಾರೆ.

ನಿಲ್ಲಿಸಲೇಬೇಕೇ?

ದಿನಕ್ಕೊಂದು ಸಲ ಒಂದೇ ಕೀಯಲ್ಲಿ ಒಂದು ಸರ್ವರ್‌ಗೆ ಹೋಗುವವರಿಗೆ ಬೇಡ, ಅದು ಅನುಕೂಲವೇ. ಯುಬಿಕೀ ಥರದ ಕಾರ್ಡ್‌ನಲ್ಲಿ ಕೀ ಇಟ್ಟವರು, ಜಿಪಿಜಿ ಏಜೆಂಟ್‌ನಿಂದಲೇ ಎಸ್‌ಎಸ್‌ಎಚ್ ನಡೆಸುವವರು, ಪ್ರತಿ ಬಳಕೆಗೂ ತಮ್ಮನ್ನು ಕೇಳಬೇಕು ಎನ್ನುವವರು, ಹತ್ತಾರು ಕೀ ಇರುವವರು ನಿಲ್ಲಿಸುವುದು ಒಳ್ಳೆಯದು. ಮೆಮೊರಿ ಉಳಿಸಲು ಎಂಬ ಕಾರಣಕ್ಕೆ ಈ ಗೋಜಿಗೆ ಹೋಗಬೇಡಿ, ಉಳಿಯುವುದು ಅಷ್ಟಕ್ಕಷ್ಟೆ.

ನಿಲ್ಲಿಸುವುದಾದರೆ ಎಸ್‌ಎಸ್‌ಎಚ್ ಭಾಗವನ್ನಷ್ಟೇ ನಿಲ್ಲಿಸಿ. ಸೀಕ್ರೆಟ್ಸ್‌ಗೆ ಕೈ ಹಾಕಬೇಡಿ. ಈ ಪುಟಕ್ಕೆ ಬರುವ ದೂರುಗಳಲ್ಲಿ ಅರ್ಧ ಆ ಗೆರೆ ದಾಟಿದ್ದರಿಂದಲೇ ಹುಟ್ಟುತ್ತವೆ.

ಈಗ ಯಾವ ಏಜೆಂಟ್ ನಡೆಯುತ್ತಿದೆ ಎಂದು ತಿಳಿಯುವುದು ಹೇಗೆ?

ಪ್ರೋಸೆಸ್ ಪಟ್ಟಿ ನೋಡಿದರೆ ಗೊಂದಲವೇ ಹೆಚ್ಚು: ಮೂರು ಏಜೆಂಟ್‌ಗಳು ಓಡುತ್ತಿದ್ದು, ಎಸ್‌ಎಸ್‌ಎಚ್ ಮಾತಾಡುವುದು ಒಂದರ ಜೊತೆ ಮಾತ್ರ ಇರಬಹುದು. ಯಾವುದರ ಜೊತೆ ಎಂಬುದನ್ನು ಹೇಳುವುದು ಒಂದೇ ಎನ್ವಿರಾನ್‌ಮೆಂಟ್ ವೇರಿಯಬಲ್, ಪೂರ್ತಿ ದೊಡ್ಡಕ್ಷರದಲ್ಲಿ:

ಎಕೋ $ಎಸ್‌ಎಸ್‌ಎಚ್_ಆಥ್_ಸಾಕ್

ಬರುವ ಉತ್ತರವನ್ನು ಹೀಗೆ ಓದಿ:

- /ರನ್/ಯೂಸರ್/1000/ಕೀರಿಂಗ್/ಎಸ್‌ಎಸ್‌ಎಚ್: ಹಳೆಯ ಗ್ನೋಮ್ ಕೀರಿಂಗ್ ಏಜೆಂಟ್.
- /ರನ್/ಯೂಸರ್/1000/ಜಿಸಿಆರ್/ಎಸ್‌ಎಸ್‌ಎಚ್: ಅದರ ಉತ್ತರಾಧಿಕಾರಿ, ಜಿಸಿಆರ್ ಏಜೆಂಟ್.
- /ರನ್/ಯೂಸರ್/1000/ಗ್ನುಪಿಜಿ/ ಎಂದು ಶುರುವಾಗಿ ಎಸ್‌ಎಸ್‌ಎಚ್ ಎಂದು ಮುಗಿದರೆ: ಜಿಪಿಜಿ ಏಜೆಂಟ್.
- /ಟಿಎಂಪಿ/ ಕೆಳಗೆ ಎಸ್‌ಎಸ್‌ಎಚ್- ಎಂಬ ಫೋಲ್ಡರಿನೊಳಗೆ ಏಜೆಂಟ್. ಎಂದು ಒಂದು ಸಂಖ್ಯೆ: ಓಪನ್‌ಎಸ್‌ಎಸ್‌ಎಚ್‌ನದೇ ಏಜೆಂಟ್ (10.1ನೇ ಆವೃತ್ತಿಯಿಂದ ಇದರ ಜಾಗ ~/.ಎಸ್‌ಎಸ್‌ಎಚ್/ಏಜೆಂಟ್ ಫೋಲ್ಡರ್). ಡೆಬಿಯನ್, ಉಬುಂಟುಗಳ ಎಕ್ಸ್ ಸೆಷನ್‌ನಲ್ಲಿ ಬೇರೆ ಯಾರೂ ಇಲ್ಲದಾಗ ಇದೇ ಏಳುತ್ತದೆ. ಇದರ ಸ್ವಿಚ್ /ಇಟಿಸಿ/ಎಕ್ಸ್11/ಎಕ್ಸ್‌ಸೆಷನ್.ಆಪ್ಷನ್ಸ್ ಫೈಲಿನ 'ಯೂಸ್-ಎಸ್‌ಎಸ್‌ಎಚ್-ಏಜೆಂಟ್' ಸಾಲು (ಫೈಲ್ ವಿಳಾಸದ ಎರಡೂ ಎಕ್ಸ್ ದೊಡ್ಡಕ್ಷರ).

1000 ಎಂಬುದು ನಿಮ್ಮ ಯೂಸರ್ ಸಂಖ್ಯೆ, ಬೇರೆ ಇದ್ದೀತು. ಇದಾದ ಮೇಲೆ 'ಎಸ್‌ಎಸ್‌ಎಚ್-ಆಡ್ -ಎಲ್' ಕೊಟ್ಟರೆ ಆ ಏಜೆಂಟ್ ಯಾವ ಯಾವ ಕೀ ಹಿಡಿದಿದೆ ಎಂಬ ಪಟ್ಟಿ ಬರುತ್ತದೆ. 'ಏಜೆಂಟ್ ಬಳಿ ಯಾವ ಗುರುತೂ ಇಲ್ಲ' ಎಂದರೆ ಏಜೆಂಟ್ ಇದೆ, ಬರಿಗೈಲಿದೆ. 'ಸಂಪರ್ಕ ತೆರೆಯಲಾಗಲಿಲ್ಲ' ಎಂದರೆ ಏಜೆಂಟೇ ಇಲ್ಲ ಅಥವಾ ವೇರಿಯಬಲ್ ಖಾಲಿ. ಇವೆರಡನ್ನೂ ಒಂದೇ ಎಂದುಕೊಂಡು ಗಂಟೆಗಟ್ಟಲೆ ಒದ್ದಾಡುವವರಿದ್ದಾರೆ.

ನನ್ನದು ಜಿಸಿಆರ್ ಎಂದು ಬಂತು. ಏನು ಮಾಡಲಿ?

ಗ್ನೋಮ್ ಕೀರಿಂಗ್‌ನ 46ನೇ ಆವೃತ್ತಿಯಿಂದ ಮೂಲ ಯೋಜನೆಯೇ ಹಳೆಯ ಎಸ್‌ಎಸ್‌ಎಚ್ ಭಾಗವನ್ನು ಡಿಫಾಲ್ಟ್ ಆಗಿ ಆಫ್ ಮಾಡಿ, ಆ ಕೆಲಸವನ್ನು ಜಿಸಿಆರ್‌ಗೆ ವಹಿಸಿತು. ಕೆಲವು ಡಿಸ್ಟ್ರೋಗಳು ಹಳೆಯದನ್ನು ಮತ್ತೆ ಆನ್ ಮಾಡಿಯೇ ಕೊಡಬಹುದು, ಹಾಗಾಗಿ ಆವೃತ್ತಿ ಸಂಖ್ಯೆಗಿಂತ ಮೇಲಿನ ವೇರಿಯಬಲ್ಲನ್ನು ನಂಬಿ.

ಜಿಸಿಆರ್ ಆದರೆ ಕೆಲಸ ಹಗುರ. ಸೇವೆಗಳನ್ನು ಎಬ್ಬಿಸಿ ನಿಲ್ಲಿಸುವ ಸಿಸ್ಟಮ್‌ಡಿಗೆ ಹೇಳಿದರಾಯಿತು. ಅದು ನೋಡಿಕೊಳ್ಳುವ ಒಂದೊಂದು ಸರ್ವಿಸ್, ಸಾಕೆಟ್‌ಗೂ (ಏಜೆಂಟನ್ನು ಸಂಪರ್ಕಿಸುವ ವಿಳಾಸ) 'ಯುನಿಟ್' ಎಂದು ಹೆಸರು. ಸುಡೊ (ಅಡ್ಮಿನ್ ಅಧಿಕಾರ) ಬೇಡ:

ಸಿಸ್ಟಮ್‌ಸಿಟಿಎಲ್ --ಯೂಸರ್ ಸ್ಟಾಪ್ ಜಿಸಿಆರ್-ಎಸ್‌ಎಸ್‌ಎಚ್-ಏಜೆಂಟ್.ಸಾಕೆಟ್ ಜಿಸಿಆರ್-ಎಸ್‌ಎಸ್‌ಎಚ್-ಏಜೆಂಟ್.ಸರ್ವಿಸ್

ಸಿಸ್ಟಮ್‌ಸಿಟಿಎಲ್ --ಯೂಸರ್ ಮಾಸ್ಕ್ ಜಿಸಿಆರ್-ಎಸ್‌ಎಸ್‌ಎಚ್-ಏಜೆಂಟ್.ಸಾಕೆಟ್ ಜಿಸಿಆರ್-ಎಸ್‌ಎಸ್‌ಎಚ್-ಏಜೆಂಟ್.ಸರ್ವಿಸ್

ಎರಡನೆಯದಕ್ಕೆ ಉತ್ತರವಾಗಿ ಸಿಮ್‌ಲಿಂಕ್ ಸೃಷ್ಟಿಯಾಯಿತು ಎಂಬ ಎರಡು ಸಾಲು ಬರಬೇಕು. ನಿಮ್ಮ ಹೋಮ್‌ನ .ಕಾನ್ಫಿಗ್/ಸಿಸ್ಟಮ್‌ಡಿ/ಯೂಸರ್ ಫೋಲ್ಡರಿನಿಂದ ಬಾಣದ ಗುರುತು, ಆಚೆ /ಡೆವ್/ನಲ್. ಆ ಯುನಿಟ್‌ನ ಹೆಸರಿನಲ್ಲಿ ಈಗ ಇರುವುದು ಶೂನ್ಯ. ಯಾರು ಕರೆದರೂ ಏಳದು.

ಸರ್ವಿಸ್ ಒಂದನ್ನೇ ಮಾಸ್ಕ್ ಮಾಡಿ ಸಾಕೆಟ್ ಬಿಟ್ಟರೆ ಎಡವಟ್ಟು. ಸಾಕೆಟ್ ಯುನಿಟ್ ಏಳುವಾಗಲೇ ಎಸ್‌ಎಸ್‌ಎಚ್_ಆಥ್_ಸಾಕ್‌ನ ಬೆಲೆಯನ್ನು ತನ್ನತ್ತ ತಿರುಗಿಸಿಕೊಳ್ಳುತ್ತದೆ. ಆಗ ವೇರಿಯಬಲ್ ಜಿಸಿಆರ್ ಕಡೆ ಕೈ ತೋರುತ್ತದೆ, ಅಲ್ಲಿ ಉತ್ತರ ಕೊಡುವವರೇ ಇರುವುದಿಲ್ಲ.

ಡಿಸೇಬಲ್ ಸಾಲದೇ? ಮಾಸ್ಕ್ ಯಾಕೆ?

ಅನೇಕ ಡಿಸ್ಟ್ರೋಗಳಲ್ಲಿ ಈ ಸಾಕೆಟ್ ಎಲ್ಲ ಬಳಕೆದಾರರಿಗೂ ಸೇರಿ, ಅಂದರೆ ಗ್ಲೋಬಲ್ ಮಟ್ಟದಲ್ಲಿ, ಆನ್ ಆಗಿರುತ್ತದೆ. ನೀವು '--ಯೂಸರ್ ಡಿಸೇಬಲ್' ಎಂದರೆ ನಿಮ್ಮ ಮಟ್ಟದ ಕೊಂಡಿಯಷ್ಟೇ ಹೋಗುತ್ತದೆ. ಸಿಸ್ಟಮ್‌ಡಿ ಇದನ್ನು ಹೇಳಿಯೂ ಹೇಳುತ್ತದೆ: ಗ್ಲೋಬಲ್ ಮಟ್ಟದಲ್ಲಿ ಆನ್ ಇರುವುದರಿಂದ ಇದು ಮುಂದೆಯೂ ತಾನಾಗಿ ಶುರುವಾಗುತ್ತದೆ ಎಂದು. ಉದ್ದನೆಯ ಸಂದೇಶ, ಯಾರೂ ಓದುವುದಿಲ್ಲ. ಯಂತ್ರದ ಎಲ್ಲ ಬಳಕೆದಾರರಿಗೂ ಬೇಡವಾದರೆ 'ಸುಡೊ ಸಿಸ್ಟಮ್‌ಸಿಟಿಎಲ್ --ಗ್ಲೋಬಲ್ ಡಿಸೇಬಲ್' ಬಳಸಿ.

ನನ್ನದು ಹಳೆಯ ಕೀರಿಂಗ್/ಎಸ್‌ಎಸ್‌ಎಚ್. ಅದನ್ನು ಹೇಗೆ?

ಅದನ್ನು ಎಬ್ಬಿಸುವುದು ಆಟೊಸ್ಟಾರ್ಟ್ ಫೈಲ್. /ಇಟಿಸಿ/ಎಕ್ಸ್‌ಡಿಜಿ/ಆಟೊಸ್ಟಾರ್ಟ್ ಫೋಲ್ಡರಿನಲ್ಲಿ ಗ್ನೋಮ್-ಕೀರಿಂಗ್- ಎಂದು ಶುರುವಾಗುವ ಮೂರು ಫೈಲ್‌ಗಳಿರುತ್ತವೆ, ಕೊನೆಯಲ್ಲಿ ಎಸ್‌ಎಸ್‌ಎಚ್, ಸೀಕ್ರೆಟ್ಸ್, ಪಿಕೆಸಿಎಸ್11, ಆಮೇಲೆ .ಡೆಸ್ಕ್‌ಟಾಪ್. ನಮಗೆ ಬೇಕಾದದ್ದು ಮೊದಲನೆಯದು ಮಾತ್ರ. ಮೂಲ ಫೈಲನ್ನು ತಿದ್ದಬೇಡಿ, ಪ್ಯಾಕೇಜ್ ಅಪ್‌ಡೇಟ್ ಆದಾಗ ತಿದ್ದಿದ್ದು ಹೋಗಬಹುದು. ನಿಮ್ಮ ಹೋಮ್‌ಗೆ ನಕಲು ಮಾಡಿಕೊಳ್ಳಿ:

ಎಂಕೆಡಿಐಆರ್ -ಪಿ ~/.ಕಾನ್ಫಿಗ್/ಆಟೊಸ್ಟಾರ್ಟ್

ಸಿಪಿ /ಇಟಿಸಿ/ಎಕ್ಸ್‌ಡಿಜಿ/ಆಟೊಸ್ಟಾರ್ಟ್/ಗ್ನೋಮ್-ಕೀರಿಂಗ್-ಎಸ್‌ಎಸ್‌ಎಚ್.ಡೆಸ್ಕ್‌ಟಾಪ್ ~/.ಕಾನ್ಫಿಗ್/ಆಟೊಸ್ಟಾರ್ಟ್/

ನಕಲಿನ ಕೊನೆಯಲ್ಲಿ ಒಂದು ಸಾಲು ಸೇರಿಸಿ, ಮೊದಲಕ್ಷರ ದೊಡ್ಡದು, ಸಮ ಚಿಹ್ನೆಯ ಆಚೀಚೆ ಜಾಗ ಬೇಡ:

ಹಿಡನ್=ಟ್ರೂ

ಹೆಸರು ಒಂದೇ ಆಗಿದ್ದರೆ ಹೋಮ್‌ನ ಫೈಲ್ ಇಟಿಸಿಯ ಫೈಲನ್ನು ಮುಚ್ಚಿಹಾಕುತ್ತದೆ, 'ಹಿಡನ್' ಎಂದರೆ ಆ ಫೈಲೇ ಇಲ್ಲವೆಂದು ಭಾವಿಸು ಎಂದರ್ಥ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ, '.ಡೆಸ್ಕ್‌ಟಾಪ್.ಬ್ಯಾಕಪ್' ಎಂದೇನೋ ಉಳಿದುಬಿಟ್ಟರೂ, ಮೂಲವೇ ಓಡುತ್ತದೆ. ಫೈಲಿನಲ್ಲಿ ಎರಡನೇ ವಿಭಾಗದ ತಲೆಬರಹ ಇದ್ದರೆ ಹೊಸ ಸಾಲು ಅದರ ಕೆಳಗೆ ಬೀಳದಂತೆ ನೋಡಿಕೊಳ್ಳಿ. 'ಡೆಸ್ಕ್‌ಟಾಪ್ ಎಂಟ್ರಿ' ವಿಭಾಗದೊಳಗೇ ಇರಬೇಕು.

ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಸ್ಕ್ರೀನ್ ಲಾಕ್ ಮಾಡಿ ತೆಗೆದರೆ ಆಗದು.

ಸ್ಟಾರ್ಟಪ್ ಅಪ್ಲಿಕೇಷನ್ಸ್‌ನಲ್ಲಿ ಈ ಹೆಸರೇ ಕಾಣುತ್ತಿಲ್ಲವಲ್ಲ?

ಫೈಲಿನಲ್ಲಿ 'ನೋಡಿಸ್‌ಪ್ಲೇ=ಟ್ರೂ' ಇದ್ದರೆ ಆ ಪಟ್ಟಿ ತೋರಿಸುವುದಿಲ್ಲ. ಕಾಣದಿದ್ದರೇನಂತೆ, ಮೇಲಿನ ವಿಧಾನಕ್ಕೆ ಆ ಪಟ್ಟಿ ಬೇಕಿಲ್ಲ.

ಎಲ್ಲ ಮಾಡಿದೆ, ಆದರೂ ಗ್ನೋಮ್-ಕೀರಿಂಗ್-ಡೀಮನ್ ಓಡುತ್ತಲೇ ಇದೆ!

ಓಡಲಿ ಬಿಡಿ. ಸೀಕ್ರೆಟ್ಸ್‌ಗೆ ಅದು ಬೇಕು. ಪರೀಕ್ಷಿಸಬೇಕಾದ್ದು ವೇರಿಯಬಲ್ ಎತ್ತ ತೋರುತ್ತಿದೆ ಎಂಬುದನ್ನು, ಪ್ರೋಸೆಸ್ ಇದೆಯೋ ಇಲ್ಲವೋ ಎಂಬುದನ್ನಲ್ಲ.

ಆದರೂ ಅದು ಎಲ್ಲೆಲ್ಲಿಂದ ಏಳುತ್ತದೆ ಎಂದು ತಿಳಿದಿರಬೇಕು, ಏಕೆಂದರೆ ಈ ಮನೆಗೆ ಬಾಗಿಲು ನಾಲ್ಕು. ಆಟೊಸ್ಟಾರ್ಟ್ ಫೈಲ್ ಒಂದು. ಸಿಸ್ಟಮ್‌ಡಿಯ ಗ್ನೋಮ್-ಕೀರಿಂಗ್-ಡೀಮನ್.ಸಾಕೆಟ್ ಮತ್ತು .ಸರ್ವಿಸ್ ಇನ್ನೊಂದು. ಮೂರನೆಯದು ಲಾಗಿನ್ ಪರಿಶೀಲಿಸುವ ಪ್ಯಾಮ್: ಲಾಗಿನ್ ಪರದೆಯಲ್ಲಿ ನೀವು ಟೈಪ್ ಮಾಡಿದ ಪಾಸ್‌ವರ್ಡನ್ನೇ ತೆಗೆದುಕೊಂಡು ಪೆಟ್ಟಿಗೆ ತೆರೆಯುವ ಪ್ಯಾಮ್_ಗ್ನೋಮ್_ಕೀರಿಂಗ್ ಎಂಬ ಮಾಡ್ಯೂಲ್. /ಇಟಿಸಿ/ಪ್ಯಾಮ್.ಡಿ ಕೆಳಗಿನ ಜಿಡಿಎಂ, ಲೈಟ್‌ಡಿಎಂ ಅಥವಾ ಎಸ್‌ಡಿಡಿಎಂ (ಲಾಗಿನ್ ಪರದೆ ತೋರಿಸುವ ಪ್ರೋಗ್ರಾಂಗಳು) ಫೈಲ್‌ಗಳಲ್ಲಿ ಅದರ ಸಾಲುಗಳಿರುತ್ತವೆ, ಸೆಷನ್ ಸಾಲಿನ ಕೊನೆಗೆ 'ಆಟೊ_ಸ್ಟಾರ್ಟ್' ಎಂದಿದ್ದರೆ ಡೀಮನ್ ಅಲ್ಲಿಂದಲೇ ಏಳುತ್ತದೆ. ನಾಲ್ಕನೆಯದು ಆ್ಯಪ್‌ಗಳು ಒಂದಕ್ಕೊಂದು ಸಂದೇಶ ಕಳಿಸುವ ಡಿ-ಬಸ್: ಯಾವುದೇ ಆ್ಯಪ್ 'ಪಾಸ್‌ವರ್ಡ್ ಕೊಡು' ಎಂದರೆ ಸಾಕು, ಮಲಗಿದ್ದ ಡೀಮನ್ ಎದ್ದು ಬರುತ್ತದೆ.

ಪ್ಯಾಮ್ ಮೂಲಕ ಎದ್ದ ಡೀಮನ್ ಪೆಟ್ಟಿಗೆ ತೆರೆದುಕೊಂಡು ಕಾಯುತ್ತಿರುತ್ತದೆ. ಎಸ್‌ಎಸ್‌ಎಚ್ ಭಾಗ ಶುರುವಾಗುವುದು ಯಾರಾದರೂ ಅದನ್ನು ಹೆಸರಿಟ್ಟು ಕೇಳಿದಾಗ. ಆದ್ದರಿಂದ ಪ್ಯಾಮ್ ಫೈಲ್ ತಿದ್ದುವ ಅಗತ್ಯ ಇಲ್ಲ. ತಿದ್ದಲೇಬೇಕೆಂದರೆ ಇನ್ನೊಂದು ಟರ್ಮಿನಲ್‌ನಲ್ಲಿ ರೂಟ್ ಆಗಿ ಲಾಗಿನ್ ಇಟ್ಟುಕೊಂಡೇ ತಿದ್ದಿ. ಆ ಫೈಲ್‌ನಲ್ಲಿ ತಪ್ಪಾದರೆ ಲಾಗಿನ್ನೇ ಕೈಕೊಡಬಹುದು.

ಸಿಸ್ಟಮ್‌ಡಿ ಸರ್ವಿಸ್‌ನಲ್ಲಿ ಎಸ್‌ಎಸ್‌ಎಚ್ ಇದೆಯೇ ಎಂದು ನೋಡಲು 'ಸಿಸ್ಟಮ್‌ಸಿಟಿಎಲ್ --ಯೂಸರ್ ಕ್ಯಾಟ್ ಗ್ನೋಮ್-ಕೀರಿಂಗ್-ಡೀಮನ್.ಸರ್ವಿಸ್' ಕೊಡಿ. '--ಕಾಂಪೊನೆಂಟ್ಸ್' ಎದುರು 'ಪಿಕೆಸಿಎಸ್11,ಸೀಕ್ರೆಟ್ಸ್' ಎಂದಷ್ಟೇ ಇದ್ದರೆ ಸುಮ್ಮನಿರಿ. ಎಸ್‌ಎಸ್‌ಎಚ್ ಕೂಡ ಇದ್ದರೆ 'ಸಿಸ್ಟಮ್‌ಸಿಟಿಎಲ್ --ಯೂಸರ್ ಎಡಿಟ್' ಕೊಟ್ಟು, 'ಸರ್ವಿಸ್' (ಮೊದಲಕ್ಷರ ದೊಡ್ಡದು) ವಿಭಾಗದಲ್ಲಿ ಮೊದಲು ಬೆಲೆಯೇ ಇಲ್ಲದ ಖಾಲಿ 'ಎಕ್ಸೆಕ್‌ಸ್ಟಾರ್ಟ್=' (ಮೊದಲ ಇ ಮತ್ತು ಎಸ್ ದೊಡ್ಡಕ್ಷರ) ಸಾಲು, ಅದರ ಕೆಳಗೆ ಎಸ್‌ಎಸ್‌ಎಚ್ ಬಿಟ್ಟ ಪೂರ್ತಿ ಸಾಲು ಬರೆಯಿರಿ. ಖಾಲಿ ಸಾಲು ಹಳೆಯದನ್ನು ಒರೆಸಲಿಕ್ಕೆ. ಅದಿಲ್ಲದಿದ್ದರೆ ಎರಡು ಎಕ್ಸೆಕ್‌ಸ್ಟಾರ್ಟ್ ಇವೆಯೆಂದು ಸಿಸ್ಟಮ್‌ಡಿ ಸರ್ವಿಸನ್ನೇ ತಿರಸ್ಕರಿಸುತ್ತದೆ.

ಪ್ಯಾಕೇಜನ್ನೇ ಕಿತ್ತುಹಾಕಿದರೆ?

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಕ್ರೋಮ್ ತನ್ನ ಕುಕಿ, ಪಾಸ್‌ವರ್ಡ್‌ಗಳನ್ನು ಬೀಗ ಹಾಕುವ ಕೀಯನ್ನು 'ಕ್ರೋಮ್ ಸೇಫ್ ಸ್ಟೋರೇಜ್' ಎಂಬ ಹೆಸರಿನಲ್ಲಿ ಕೀರಿಂಗ್‌ನಲ್ಲೇ ಇಟ್ಟಿರುತ್ತದೆ. ಕೀರಿಂಗ್ ಹೋದರೆ ಎಲ್ಲ ಸೈಟ್‌ಗಳಿಂದಲೂ ಲಾಗ್‌ಔಟ್, ಉಳಿಸಿದ ಪಾಸ್‌ವರ್ಡ್‌ಗಳು ಓದಲಾಗದ ಸ್ಥಿತಿ. ~/.ಲೋಕಲ್/ಶೇರ್/ಕೀರಿಂಗ್ಸ್ ಫೋಲ್ಡರಿನ ಲಾಗಿನ್.ಕೀರಿಂಗ್ ಫೈಲ್ ಅಳಿಸಿದರೂ ಇದೇ ಗತಿ. ಏನೇ ಪ್ರಯೋಗ ಮಾಡುವ ಮೊದಲು ಆ ಫೋಲ್ಡರನ್ನು ನಕಲು ಮಾಡಿಟ್ಟುಕೊಳ್ಳಿ. ಡೀಮನ್ ಫೈಲಿನ ಎಕ್ಸಿಕ್ಯೂಟ್ ಅನುಮತಿ ತೆಗೆಯುವ ಹಳೆಯ ಸಲಹೆಯೂ ಅದೇ ದಾರಿಯದು, ಮುಂದಿನ ಅಪ್‌ಡೇಟ್ ಅದನ್ನು ವಾಪಸು ತರುತ್ತದೆ.

ನಿಲ್ಲಿಸಿದ ಮೇಲೆ ಅದರ ಜಾಗಕ್ಕೆ ಏನು?

ಓಪನ್‌ಎಸ್‌ಎಸ್‌ಎಚ್‌ನ ಸ್ವಂತ ಏಜೆಂಟ್ ಸಾಕು. ಮೊದಲು 'ಸಿಸ್ಟಮ್‌ಸಿಟಿಎಲ್ --ಯೂಸರ್ ಕ್ಯಾಟ್ ಎಸ್‌ಎಸ್‌ಎಚ್-ಏಜೆಂಟ್.ಸರ್ವಿಸ್' ಎಂದು ಕೇಳಿ ನೋಡಿ. ಡಿಸ್ಟ್ರೋ ಕೊಟ್ಟ ಯುನಿಟ್ ಇದ್ದರೆ ಅದನ್ನೇ ಎನೇಬಲ್ ಮಾಡಿ, ಅದು ಬಳಸುವ ಸಾಕೆಟ್ ವಿಳಾಸವನ್ನು ಬರೆದುಕೊಳ್ಳಿ. ಇಲ್ಲದಿದ್ದರೆ ಆ ಹೆಸರಿನ ಫೈಲನ್ನು ~/.ಕಾನ್ಫಿಗ್/ಸಿಸ್ಟಮ್‌ಡಿ/ಯೂಸರ್ ಒಳಗೆ ನೀವೇ ಮಾಡಿ, 'ಸರ್ವಿಸ್' ವಿಭಾಗದಲ್ಲಿ ಇದನ್ನು ಬರೆಯಿರಿ:

ಎಕ್ಸೆಕ್‌ಸ್ಟಾರ್ಟ್=/ಯುಎಸ್‌ಆರ್/ಬಿನ್/ಎಸ್‌ಎಸ್‌ಎಚ್-ಏಜೆಂಟ್ -ಡಿ -ಎ %ಟಿ/ಎಸ್‌ಎಸ್‌ಎಚ್-ಏಜೆಂಟ್.ಸಾಕೆಟ್

ಎಕ್ಸೆಕ್‌ಸ್ಟಾರ್ಟ್‌ನ ದೊಡ್ಡಕ್ಷರಗಳು ಮೇಲೆ ಹೇಳಿದಂತೆಯೇ. -ಡಿ ಕೂಡ ದೊಡ್ಡಕ್ಷರ (ಹಿನ್ನೆಲೆಗೆ ಸರಿಯದೆ ಮುಂದೆಯೇ ನಿಲ್ಲು ಎಂದು), -ಎ ಮತ್ತು %ಟಿ ಸಣ್ಣವು. %ಟಿ ಎಂದರೆ /ರನ್/ಯೂಸರ್/1000. 'ಇನ್‌ಸ್ಟಾಲ್' (ಮೊದಲಕ್ಷರ ದೊಡ್ಡದು) ವಿಭಾಗದಲ್ಲಿ 'ವಾಂಟೆಡ್‌ಬೈ=ಡಿಫಾಲ್ಟ್.ಟಾರ್ಗೆಟ್' (ಡಬ್ಲ್ಯು, ಬಿ ದೊಡ್ಡಕ್ಷರ) ಹಾಕಿ, 'ಸಿಸ್ಟಮ್‌ಸಿಟಿಎಲ್ --ಯೂಸರ್ ಎನೇಬಲ್ --ನೌ ಎಸ್‌ಎಸ್‌ಎಚ್-ಏಜೆಂಟ್' ಕೊಡಿ.

ಇನ್ನು ವೇರಿಯಬಲ್. ~/.ಕಾನ್ಫಿಗ್/ಎನ್ವಿರಾನ್‌ಮೆಂಟ್.ಡಿ ಫೋಲ್ಡರಿನಲ್ಲಿ .ಕಾನ್ಫ್ ಎಂದು ಮುಗಿಯುವ ಒಂದು ಫೈಲ್ ಮಾಡಿ, ಎಸ್‌ಎಸ್‌ಎಚ್_ಆಥ್_ಸಾಕ್‌ಗೆ ಆ ಸಾಕೆಟ್ ವಿಳಾಸ ಕೊಡಿ. ಈ ಫೈಲನ್ನು ಓದುವುದು ಯೂಸರ್ ಮಟ್ಟದ ಸಿಸ್ಟಮ್‌ಡಿ, ಅದೂ ತಾನು ಶುರುವಾಗುವಾಗ, ಇಲ್ಲವೇ ಅದಕ್ಕೆ 'ಡೀಮನ್-ರೀಲೋಡ್' ಕೊಟ್ಟಾಗ. 'ಲಿಂಗರ್' ಆನ್ ಮಾಡಿಕೊಂಡವರಲ್ಲಿ ಲಾಗ್‌ಔಟ್ ಆದರೂ ಅದು ಸಾಯುವುದಿಲ್ಲ. ಅಂಥವರು ರೀಬೂಟ್ ಮಾಡುವುದೇ ಸುಲಭ. ಡೆಸ್ಕ್‌ಟಾಪ್ ಇಲ್ಲದ ಬರೀ ಟೆಕ್ಸ್ಟ್ ಕನ್ಸೋಲ್‌ಗೆ ಈ ಫೈಲ್ ತಾಕುವುದಿಲ್ಲ, ಅಲ್ಲಿಗೆ .ಪ್ರೊಫೈಲ್‌ನಲ್ಲಿ ಪ್ರತ್ಯೇಕ ಎಕ್ಸ್‌ಪೋರ್ಟ್ ಬೇಕು.

ಕೊನೆಗೆ ~/.ಎಸ್‌ಎಸ್‌ಎಚ್/ಕಾನ್ಫಿಗ್‌ನಲ್ಲಿ 'ಆಡ್‌ಕೀಸ್‌ಟುಏಜೆಂಟ್ ಯೆಸ್' ಹಾಕಿಕೊಂಡರೆ ಮೊದಲ ಬಳಕೆಯಲ್ಲೇ ಕೀ ಏಜೆಂಟ್‌ಗೆ ಸೇರುತ್ತದೆ. ಪಾಸ್‌ಫ್ರೇಸನ್ನು ಡಿಸ್ಕ್‌ನಲ್ಲಿ ನೆನಪಿಟ್ಟುಕೊಳ್ಳುವ ಸೌಲಭ್ಯ ಇದರಲ್ಲಿಲ್ಲ. ಪ್ರತಿ ಲಾಗಿನ್‌ಗೂ ಒಮ್ಮೆ ಟೈಪ್ ಮಾಡಬೇಕು. ನಮ್ಮ ಮಟ್ಟಿಗೆ ಅದೇ ಸರಿ.

ವೇರಿಯಬಲ್ಲನ್ನು ಬ್ಯಾಶ್‌ಆರ್‌ಸಿಯಲ್ಲಿ ಹಾಕಿದ ಮೇಲೆ ಏಜೆಂಟ್ ಫಾರ್ವರ್ಡಿಂಗ್ ನಿಂತುಹೋಯಿತು.

ಬೇರೆ ಯಂತ್ರದಿಂದ ಎಸ್‌ಎಸ್‌ಎಚ್ ಮೂಲಕ ಬಂದಾಗ, ಅಲ್ಲಿಂದ ಹರಿದುಬಂದ ಏಜೆಂಟ್‌ನ ವಿಳಾಸವೂ ಇದೇ ವೇರಿಯಬಲ್‌ನಲ್ಲಿರುತ್ತದೆ. ಬ್ಯಾಶ್‌ಆರ್‌ಸಿ ಅದರ ಮೇಲೆ ಬರೆದುಬಿಟ್ಟಿತು. ಎಸ್‌ಎಸ್‌ಎಚ್_ಕನೆಕ್ಷನ್ (ಇದೂ ಪೂರ್ತಿ ದೊಡ್ಡಕ್ಷರ) ಎಂಬ ವೇರಿಯಬಲ್ ಖಾಲಿ ಇದ್ದಾಗ ಮಾತ್ರ ಎಕ್ಸ್‌ಪೋರ್ಟ್ ಮಾಡುವಂತೆ ಒಂದು 'ಇಫ್' ಹಾಕಿ.

ಜಿಪಿಜಿ ಏಜೆಂಟ್‌ನಿಂದ ಎಸ್‌ಎಸ್‌ಎಚ್ ನಡೆಸಬೇಕು. ಅಥವಾ ಅದೇ ಬೇಡವಾಗಿದೆ.

ಬೇಕಾದರೆ ~/.ಗ್ನುಪಿಜಿ/ಜಿಪಿಜಿ-ಏಜೆಂಟ್.ಕಾನ್ಫ್‌ನಲ್ಲಿ 'ಎನೇಬಲ್-ಎಸ್‌ಎಸ್‌ಎಚ್-ಸಪೋರ್ಟ್' ಸಾಲು ಹಾಕಿ. ಸಾಕೆಟ್ ವಿಳಾಸವನ್ನು ಊಹಿಸಬೇಡಿ, 'ಜಿಪಿಜಿಕಾನ್ಫ್ --ಲಿಸ್ಟ್-ಡಿರ್ಸ್ ಏಜೆಂಟ್-ಎಸ್‌ಎಸ್‌ಎಚ್-ಸಾಕೆಟ್' ಎಂದು ಕೇಳಿದರೆ ಅದೇ ಹೇಳುತ್ತದೆ. ಎಸ್‌ಎಸ್‌ಎಚ್ ಕೀಗಳ ಪಾಸ್‌ಫ್ರೇಸನ್ನು ಅದು ಡಿಫಾಲ್ಟ್ ಆಗಿ ಕೊನೆಯ ಬಳಕೆಯಿಂದ 1800 ಸೆಕೆಂಡು ನೆನಪಿಡುತ್ತದೆ, ಒಟ್ಟು ಮಿತಿ 7200.

ಬೇಡವಾದರೆ ಜಿಪಿಜಿ-ಏಜೆಂಟ್-ಎಸ್‌ಎಸ್‌ಎಚ್.ಸಾಕೆಟ್ ಒಂದನ್ನೇ ಮಾಸ್ಕ್ ಮಾಡಿ. ಜಿಪಿಜಿ-ಏಜೆಂಟ್.ಸಾಕೆಟ್ ಮುಟ್ಟಬೇಡಿ: ಗ್ನುಪಿಜಿ 2.1ರಿಂದ ಈಚೆಗೆ ಖಾಸಗಿ ಕೀಗಳ ಎಲ್ಲ ಕೆಲಸ ಏಜೆಂಟ್ ಕೈಯಲ್ಲೇ ಇದೆ.

ಎಕ್ಸ್‌ಎಫ್‌ಸಿಇಯಲ್ಲಿ?

ಎರಡು ಕಡೆ ನೋಡಿ. ಸೆಟ್ಟಿಂಗ್ಸ್‌ನ 'ಸೆಷನ್ ಆ್ಯಂಡ್ ಸ್ಟಾರ್ಟಪ್' ಒಳಗೆ 'ಅಡ್ವಾನ್ಸ್ಡ್' ಟ್ಯಾಬಿನಲ್ಲಿ ಗ್ನೋಮ್ ಸೇವೆಗಳನ್ನು ಶುರುಮಾಡು ಎಂಬ ಟಿಕ್ ಇದೆ, ತೆಗೆಯಿರಿ. ಎಕ್ಸ್‌ಎಫ್‌ಸಿಇ ಸೆಷನ್ ತನ್ನದೇ ಏಜೆಂಟನ್ನೂ ಎಬ್ಬಿಸುತ್ತದೆ, ಅದಕ್ಕೆ ಟಿಕ್ ಇಲ್ಲ:

ಎಕ್ಸ್‌ಎಫ್‌ಕಾನ್ಫ್-ಕ್ವೆರಿ -ಸಿ ಎಕ್ಸ್‌ಎಫ್‌ಸಿಇ4-ಸೆಷನ್ -ಪಿ /ಸ್ಟಾರ್ಟಪ್/ಎಸ್‌ಎಸ್‌ಎಚ್-ಏಜೆಂಟ್/ಎನೇಬಲ್ಡ್ -ಎನ್ -ಟಿ ಬೂಲ್ -ಎಸ್ ಫಾಲ್ಸ್

ಜಿಪಿಜಿಗೂ ಬೇಕಾದರೆ ಎಸ್‌ಎಸ್‌ಎಚ್-ಏಜೆಂಟ್ ಜಾಗದಲ್ಲಿ ಜಿಪಿಜಿ-ಏಜೆಂಟ್ ಎಂದು ಬದಲಿಸಿ.

ಕೆಡಿಇಯಲ್ಲಿ?

ಅಲ್ಲಿ ಪಾಸ್‌ವರ್ಡ್ ಪೆಟ್ಟಿಗೆ ಕೆವಾಲೆಟ್. ಬೇಡವೆಂದರೆ ~/.ಕಾನ್ಫಿಗ್/ಕೆವಾಲೆಟ್‌ಆರ್‌ಸಿಯಲ್ಲಿ 'ವಾಲೆಟ್' ವಿಭಾಗದ ಕೆಳಗೆ 'ಎನೇಬಲ್ಡ್=ಫಾಲ್ಸ್' (ವಾಲೆಟ್, ಎನೇಬಲ್ಡ್ ಎರಡರ ಮೊದಲಕ್ಷರವೂ ದೊಡ್ಡದು). ಎಸ್‌ಡಿಡಿಎಂನ ಪ್ಯಾಮ್ ಫೈಲಿನಲ್ಲಿ ಕೆವಾಲೆಟ್, ಗ್ನೋಮ್ ಕೀರಿಂಗ್ ಎರಡರ ಸಾಲುಗಳೂ ಕಂಡರೆ ಗಾಬರಿ ಬೇಡ. ಸಾಲಿನ ಮುಂದಿನ ಅಡ್ಡಗೆರೆಯ ಅರ್ಥ, ಆ ಮಾಡ್ಯೂಲ್ ಇಲ್ಲದಿದ್ದರೆ ಸುಮ್ಮನೆ ಮುಂದೆ ಹೋಗು ಎಂದು.

ಕ್ರೋಮ್ ತೆರೆದಾಗಲೆಲ್ಲ 'ಕೀರಿಂಗ್ ಅನ್‌ಲಾಕ್ ಮಾಡಿ' ಎಂದು ಕೇಳುತ್ತದೆ. ಅದಕ್ಕೂ ಇದೇ ಮದ್ದೇ?

ಅಲ್ಲ, ಅದು ಸೀಕ್ರೆಟ್ಸ್ ಭಾಗದ ತೊಂದರೆ. ಕಾರಣ ಎರಡರಲ್ಲೊಂದು. ಆಟೊಮ್ಯಾಟಿಕ್ ಲಾಗಿನ್ ಆನ್ ಇದೆ, ಪಾಸ್‌ವರ್ಡೇ ಟೈಪ್ ಆಗದ ಕಾರಣ ಪ್ಯಾಮ್‌ಗೆ ಪೆಟ್ಟಿಗೆ ತೆರೆಯಲು ಏನೂ ಸಿಗಲಿಲ್ಲ. ಇಲ್ಲವೇ ಲಾಗಿನ್ ಪಾಸ್‌ವರ್ಡ್ ಬದಲಾಗಿದೆ, ಕೀರಿಂಗ್‌ನದು ಹಳೆಯದೇ ಉಳಿದಿದೆ. ರೂಟ್ ಆಗಿ ಬದಲಿಸಿದಾಗ ಹೀಗಾಗುತ್ತದೆ. ಎರಡನೆಯದಕ್ಕೆ 'ಪಾಸ್‌ವರ್ಡ್ಸ್ ಆ್ಯಂಡ್ ಕೀಸ್' ಆ್ಯಪ್‌ನಲ್ಲಿ 'ಲಾಗಿನ್' ಮೇಲೆ ಬಲ ಕ್ಲಿಕ್ ಮಾಡಿ ಪಾಸ್‌ವರ್ಡ್ ಹೊಂದಿಸಿ. ಮೊದಲನೆಯದಕ್ಕೆ ಖಾಲಿ ಪಾಸ್‌ವರ್ಡ್ ಇಡುವ ಉಪಾಯವೊಂದಿದೆ, ಆದರೆ ಆಗ ಎಲ್ಲವೂ ಡಿಸ್ಕ್‌ನಲ್ಲಿ ಬೀಗವಿಲ್ಲದೆ ಬಿದ್ದಿರುತ್ತದೆ. ಆಟೊಮ್ಯಾಟಿಕ್ ಲಾಗಿನ್ ಬಿಡುವುದೇ ವಾಸಿ.

'ಟೂ ಮೆನಿ ಅಥೆಂಟಿಕೇಷನ್ ಫೇಲ್ಯೂರ್ಸ್' ಎಂದು ಸರ್ವರ್ ಹೊರಗೆ ಹಾಕುತ್ತಿದೆ. ಏಜೆಂಟ್‌ಗೂ ಇದಕ್ಕೂ ಸಂಬಂಧವೇ?

ನೇರ ಸಂಬಂಧ. ಗ್ನೋಮ್‌ನ ಏಜೆಂಟ್ ~/.ಎಸ್‌ಎಸ್‌ಎಚ್ ಫೋಲ್ಡರಿನಲ್ಲಿ .ಪಬ್ ಜೋಡಿ ಇರುವ ಕೀಗಳನ್ನೆಲ್ಲ ತಾನಾಗಿ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಎಸ್‌ಎಸ್‌ಎಚ್ ಅವನ್ನು ಒಂದೊಂದಾಗಿ ಸರ್ವರ್ ಮುಂದೆ ಹಿಡಿಯುತ್ತದೆ. ಸರ್ವರ್‌ನ 'ಮ್ಯಾಕ್ಸ್‌ಆಥ್‌ಟ್ರೈಸ್' ಡಿಫಾಲ್ಟ್ 6. ನಿಮ್ಮ ಸರಿಯಾದ ಕೀ ಒಂಬತ್ತನೆಯದಾಗಿದ್ದರೆ ಅದರ ಸರದಿ ಬರುವ ಮೊದಲೇ ಬಾಗಿಲು ಮುಚ್ಚಿರುತ್ತದೆ. 'ಎಸ್‌ಎಸ್‌ಎಚ್-ಆಡ್ -ಡಿ' (ದೊಡ್ಡ ಡಿ) ಕೊಟ್ಟು ಎಲ್ಲ ಅಳಿಸಿದರೂ ಹೀಗೆ ತಾನಾಗಿ ಸೇರಿದವು ಪಟ್ಟಿಯಲ್ಲೇ ಉಳಿಯುತ್ತವೆ, ಏಕೆಂದರೆ .ಪಬ್ ಫೈಲ್ ಅಲ್ಲೇ ಇದೆ.

ಏಜೆಂಟ್ ಯಾವುದೇ ಇರಲಿ, ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಆಯಾ ಹೋಸ್ಟ್ ಕೆಳಗೆ 'ಐಡೆಂಟಿಟಿಫೈಲ್' ಹೆಸರಿಸಿ 'ಐಡೆಂಟಿಟೀಸ್‌ಓನ್ಲಿ ಯೆಸ್' ಹಾಕಿ. ಎಷ್ಟೋ ಜನಕ್ಕೆ ಇಷ್ಟೇ ಸಾಕಾಗಿ, ಸೇವೆ ನಿಲ್ಲಿಸುವ ಅಗತ್ಯವೇ ಬೀಳುವುದಿಲ್ಲ.

'ಏಜೆಂಟ್ ರಿಫ್ಯೂಸ್ಡ್ ಆಪರೇಷನ್'?

ಏಜೆಂಟ್‌ಗೆ ಕೀ ಗೊತ್ತಿದೆ, ಸಹಿ ಹಾಕಲು ಆಗುತ್ತಿಲ್ಲ. ಮೊದಲು ಖಾಸಗಿ ಕೀ ಫೈಲಿನ ಅನುಮತಿ ನೋಡಿ: 600 ಇರಬೇಕು. ಪೆನ್‌ಡ್ರೈವ್‌ನಿಂದ ನಕಲು ಮಾಡಿದ ಕೀಗಳಲ್ಲಿ ಇದು ಕೆಟ್ಟಿರುವುದು ಮಾಮೂಲು. ಜಿಪಿಜಿ ಏಜೆಂಟ್ ಆಗಿದ್ದರೆ ಪಿನ್ ಕೇಳುವ ಕಿಟಕಿಗೆ ತೆರೆಯಲು ಜಾಗ ಸಿಕ್ಕಿರುವುದಿಲ್ಲ. 'ಜಿಪಿಜಿ-ಕನೆಕ್ಟ್-ಏಜೆಂಟ್ ಅಪ್‌ಡೇಟ್‌ಸ್ಟಾರ್ಟಪ್‌ಟಿಟಿವೈ /ಬೈ' ಕೊಟ್ಟು ಮತ್ತೆ ನೋಡಿ.

ಮೊದಲಿದ್ದ ಹಾಗೆ ಮಾಡಬೇಕು.

ಮಾಸ್ಕ್ ಮಾಡಿದ್ದಕ್ಕೆ 'ಅನ್‌ಮಾಸ್ಕ್', ಆಟೊಸ್ಟಾರ್ಟ್‌ಗೆ ಹೋಮ್‌ನಲ್ಲಿರುವ ನಕಲು ಫೈಲ್ ಅಳಿಸಿ, ಎಡಿಟ್ ಮಾಡಿದ ಯುನಿಟ್‌ಗೆ 'ಸಿಸ್ಟಮ್‌ಸಿಟಿಎಲ್ --ಯೂಸರ್ ರಿವರ್ಟ್'. ಎನ್ವಿರಾನ್‌ಮೆಂಟ್.ಡಿ ಒಳಗಿನ ಫೈಲ್ ಮರೆಯಬೇಡಿ, ಅದು ಉಳಿದರೆ ವೇರಿಯಬಲ್, ಇಲ್ಲದ ಸಾಕೆಟ್‌ನತ್ತ ತೋರುತ್ತಲೇ ಇರುತ್ತದೆ. ಆಮೇಲೆ ಲಾಗ್‌ಔಟ್ ಆಗಿ ಬಂದು, ಎಕೋ ಕೊಟ್ಟು ನೋಡಿ.